ಒಂಟಿ ಸೀನು

ಜನವರಿ 5, ಸೋಮವಾರ

ನಿದ್ದೆ ಬರುವುದಿಲ್ಲ ಎಂದು ಹೋದರೆ ಡಾಕ್ಟರಮ್ಮ ಮಾತ್ರೆ ಕೊಡಲಿಲ್ಲ. ಮಲಗುವ ಮುಂಚೆ ತಲೆಯಲ್ಲಿರುವುದನ್ನು ಬರೆದಿಡು, ಯಾರಿಗೂ ತೋರಿಸಬೇಡ ಎಂದಳು. ಇಷ್ಟು ಹೇಳಲು ಅಷ್ಟು ವರ್ಷ ಓದಬೇಕಿತ್ತೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ತಲೆಯಲ್ಲಿರುವುದು ಒಂದೇ ವಿಷಯ. ಮಗಳು ಶರಣ್ಯಾ ಹೊರಡುತ್ತಾಳೆ. ಹೊಸ ವರ್ಷದ ದಿನ ಊಟಕ್ಕೆ ಕೂತಾಗ, ಪಲ್ಯ ಬಡಿಸಿಕೊಳ್ಳುತ್ತಾ, ಸೇನೆಯ ತನ್ನ ರಿಸರ್ವ್ ಪಡೆಗೆ ಕರೆ ಬಂದಿದೆ ಎಂದಳು. ಫೆಬ್ರವರಿ ಆರಕ್ಕೆ ಪಡೆಯ ಲಾರಿಗಳೆಲ್ಲ ಸಾಲಾಗಿ ಹೊರಟು ದಕ್ಷಿಣದ ತರಬೇತಿ ನೆಲೆಗೆ ಹೋಗುತ್ತವೆ. ಅಲ್ಲಿಂದ ಲಾರಿಗಳು ಹಡಗಿನಲ್ಲಿ, ಹುಡುಗರು ವಿಮಾನದಲ್ಲಿ. ಎಲ್ಲಿಗೆ ಎಂದು ಹೇಳುವ ಹಾಗಿಲ್ಲವಂತೆ. ನನ್ನ ಗಂಡ ಶಿವಪ್ರಸಾದ ಇನ್ಶೂರೆನ್ಸು ಹೇಗೆ ಎಂದು ಕೇಳಿದರು. ಆಮೇಲೆ ಎದ್ದು ಹೋಗಿ ಒಂದೇ ತಟ್ಟೆಯನ್ನು ಬಹಳ ಹೊತ್ತು ತೊಳೆದರು. ನಾನು ಇನ್ನೊಂದು ಚಪಾತಿ ಹಾಕಲೇ ಎಂದೆ. ನಮ್ಮ ಮನೆಯಲ್ಲಿ ಎಲ್ಲರೂ ಹೀಗೆಯೇ.

ತಮಾಷೆ ಎಂದರೆ ಆ ಲಾರಿಗಳನ್ನು ರಿಪೇರಿ ಮಾಡುವವಳು ನಾನೇ. ಲಿವರ್‌ಮೋರ್ ಊರು ದಾಟಿ ಗುಡ್ಡದ ಬುಡದಲ್ಲಿರುವ, ಸೇನೆಯ ಗಾಡಿ ರಿಪೇರಿ ಮಾಡುವ ನಮ್ಮ ಯಾರ್ಡಿನಲ್ಲೇ ಅವು ನಿಂತಿವೆ, ಬುಲ್‌ಡೋಜರುಗಳ ಪಕ್ಕದಲ್ಲಿ. ಶರಣ್ಯಾಳಿಗೆ ಕೊಟ್ಟಿರುವುದು 31ನೇ ನಂಬರಿನದು. ಫೋರ್‌ಮನ್ ರೂಬೆನ್ ಒಳ್ಳೆಯ ಮನುಷ್ಯ. ಬೇಕಾದರೆ ನಿನ್ನನ್ನು ಬುಲ್‌ಡೋಜರಿಗೆ ಹಾಕುತ್ತೇನೆ, ಮಗಳ ಪಡೆಯ ಗಾಡಿ ಮುಟ್ಟುವುದು ಕಷ್ಟವಾಗಬಹುದು ಎಂದ. ಬೇಡ ಎಂದೆ. ನನ್ನ ಮಗಳು ಓಡಿಸುವ ಗಾಡಿಗೆ ಬೇರೆಯವರು ಕೈ ಹಾಕುವುದು ನನಗೆ ಸರಿಬರುವುದಿಲ್ಲ.

ಇವತ್ತು ಬೆಳಗ್ಗೆ ಹಿಟ್ಟು ನಾದಿದ್ದು ನೆನಪೇ ಇಲ್ಲ. ನೋಡಿದರೆ ಹೆಂಚಿನ ಮೇಲೆ ಚಪಾತಿ ಉಬ್ಬುತ್ತಿದೆ. ಕೈಗೆ ರೂಢಿಯಾದದ್ದಕ್ಕೆ ತಲೆ ಬೇಕಾಗುವುದಿಲ್ಲ.

ಜನವರಿ 9, ಶುಕ್ರವಾರ

31ರ ಸರ್ವಿಸು ಮುಗಿಯಿತು. ಆಯಿಲು, ಬೆಲ್ಟು, ಬ್ರೇಕು, ಸ್ಟೀರಿಂಗು, ಎಲ್ಲ ನೋಡಿದೆ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಹಳದಿ ಪೇಂಟಿನ ಪೆನ್ನಿನಿಂದ ಒಂದು ಗೆರೆ ಎಳೆದೆ, ನಟ್ಟಿನಿಂದ ಪಕ್ಕದ ಕಬ್ಬಿಣದ ಮೇಲೆ ಹಾಯುವ ಹಾಗೆ. ನಟ್ಟು ಒಂದು ಕೂದಲೆಳೆ ತಿರುಗಿದರೂ ಗೆರೆ ಮುರಿಯುತ್ತದೆ. ಇಲ್ಲಿಯ ಕಾಲೇಜಿನಲ್ಲಿ ಡೀಸೆಲ್ ಕೋರ್ಸು ಮಾಡುವಾಗ ಇದನ್ನು ದೊಡ್ಡ ವಿದ್ಯೆ ಎನ್ನುವ ಹಾಗೆ ಕಲಿಸಿದರು. ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ ನಮ್ಮಪ್ಪ ಕುಬೇರಪ್ಪ ಎಲೆಅಡಿಕೆ ಡಬ್ಬಿಯ ಸುಣ್ಣದಿಂದ ಇದೇ ಗೆರೆ ಎಳೆಯುತ್ತಿದ್ದರು. ನಾನು ಟೈರಿನ ಮೇಲೆ ಕೂತು ಮಗ್ಗಿ ಬರೆಯುತ್ತಾ ನೋಡುತ್ತಿದ್ದೆ.

ಸ್ಟಾರ್ಟ್ ಮಾಡಿ ನಿಲ್ಲಿಸಿದಾಗ 31 ಸೀನಿತು. ಇವು ಗಾಳಿ ಬ್ರೇಕಿನ ಲಾರಿಗಳು. ಟ್ಯಾಂಕಿನಲ್ಲಿ ಗಾಳಿ ತುಂಬಿದ ಕೂಡಲೇ ಹೆಚ್ಚಿನದನ್ನು ತೇವದ ಸಮೇತ ಹೊರಗೆ ಬಿಡುತ್ತವೆ, ಕ್ಷೀ ಎಂದು. ಎಲ್ಲವೂ ಬಿಡುತ್ತವೆ. ಆದರೆ 31ರದು ಥೇಟ್ ಮನುಷ್ಯರ ಸೀನು. ಮೂಗು ತುಂಬಿ, ತಡೆದು, ಆಮೇಲೆ.

ಊಟಕ್ಕೆ ಕೂತಾಗ ಎಲ್ಲರನ್ನೂ ನಗಿಸೋಣ ಎಂದು ಇದನ್ನು ಹೇಳಿದೆ. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಎಷ್ಟ ಸಲ ಸೀನ್ತು?"

"ಒಂದ ಸಲ ಅತ್ತಿ. ಅದು ಸೀನಲ್ರಿ, ಗಾಳಿ."

"ಹೊರಡೂ ಮುಂದ ಒಂಟಿ ಸೀನು ಒಳ್ಳೇದಲ್ಲ ನೋಡವ್ವಾ. ಸ್ವಲ್ಪ ಕುಂದರಬೇಕು. ಎರಡ ಗುಟುಕು ನೀರ ಕುಡದು ಹೋಗಬೇಕು."

ಶರಣ್ಯಾ ನಕ್ಕಳು. "ಅಜ್ಜಿ, ಟ್ರಕ್ ಡಸಂಟ್ ಹ್ಯಾವ್ ಅ ನೋಸ್."

"ಮೂಗಿಲ್ಲಂದ್ರ ಏನಾತು, ಸೀನ್ತಲ್ಲ?"

ಎಪ್ಪತ್ತೆಂಟು ವರ್ಷದ ಈರವ್ವನ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ. ದೇಶ ಬಿಟ್ಟು ಈ ಸ್ಯಾನ್ ರಮೋನಿಗೆ ಬಂದು ಇಷ್ಟು ವರ್ಷವಾದರೂ ಗರಾಜಿನ ಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳುವಾಗ ಕೈ ಮುಗಿಯುತ್ತಾರೆ. ಮಷೀನಿಗೆ ಶಕುನ ಕಟ್ಟುವುದೆಂದರೆ ನನಗೆ ಮೈ ಉರಿಯುತ್ತದೆ.

ಜನವರಿ 13, ಮಂಗಳವಾರ

ಮಂಜು. ಗುಡ್ಡದ ಆಚೆಯ ಬಯಲಿನಿಂದ ಎದ್ದು ಕಣಿವೆಗೆ ಇಳಿದುಬಿಟ್ಟಿದೆ. ಫ್ರೀವೇಯಲ್ಲಿ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣಲಿಲ್ಲ. ಯಾರ್ಡಿನ ಬೀಗ ತೆಗೆಯುವವಳು ನಾನೇ, ರೂಬೆನ್ ಒಂದು ತಾಸು ತಡವಾಗಿ ಬರುತ್ತಾನೆ. ಲಾರಿಗಳು ಕಾಣುತ್ತಿರಲಿಲ್ಲ. ಒಂದೊಂದನ್ನೇ ಕೈಯಿಂದ ಮುಟ್ಟಿಕೊಂಡು ಹೋದೆ. 31 ಮಾತ್ರ ಉಳಿದವುಗಳಷ್ಟು ತಣ್ಣಗಿರಲಿಲ್ಲ ಎನಿಸಿತು. ಅನಿಸಿಕೆ, ಅಷ್ಟೇ.

ಮಧ್ಯಾಹ್ನ ಸ್ಟಾರ್ಟ್ ಮಾಡಲು ಹೋದರೆ ಆಗಲಿಲ್ಲ. ಬ್ಯಾಟರಿಯ ಕೇಬಲ್ಲು ಸಡಿಲವಾಗಿತ್ತು. ಹಳದಿ ಗೆರೆ ಮುರಿದಿತ್ತು.

ನಿಂತ ಲಾರಿಯ ನಟ್ಟು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ನಾನೇ ಸರಿಯಾಗಿ ಬಿಗಿ ಮಾಡಿರಲಿಲ್ಲವೇನೋ ಎಂದು ರೂಬೆನ್‌ಗೆ ಹೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಹೊಸದಾಗಿ ಬಿಗಿ ಮಾಡಿ, ಹೊಸ ಗೆರೆ ಎಳೆದೆ.

ಜನವರಿ 14, ಬುಧವಾರ

ಸಂಕ್ರಾಂತಿ. ಅತ್ತೆ ಸಜ್ಜೆ ರೊಟ್ಟಿ ತಟ್ಟಿ ಎಳ್ಳು ಹಚ್ಚಿದರು. ಎಳ್ಳು ಬೆಲ್ಲ ಕೈಗೆ ಹಾಕುವಾಗ ನನ್ನ ಬೆರಳು ಹಿಡಿದುಕೊಂಡು ನೋಡಿದರು.

"ಉಗುರಾಗ ಇದೇನವ್ವಾ, ಅರಿಷಿಣ? ನಾ ಅರಿಷಿಣದ ಡಬ್ಬಿ ಇನ್ನೂ ತಗದ ಇಲ್ಲ."

ಪೇಂಟು ಎಂದೆ. ಒಣಗಿದ ಪೇಂಟು, ಪುಡಿಯಾಗಿ ಉಗುರಿನ ಸಂದಿಗೆ ಸೇರಿದೆ. ಗೆರೆ ಎಳೆಯುವಾಗ ಹಸಿ ಪೇಂಟು ಬೆರಳಿಗೆ ಹತ್ತುತ್ತದೆ, ಉಗುರಿನೊಳಗೆ ಪುಡಿ ಹೇಗೆ ಹೋಯಿತೋ. ಸೋಪು ಹಾಕಿ ಉಜ್ಜಿದೆ.

ಜನವರಿ 20, ಮಂಗಳವಾರ

ನಿನ್ನೆ ರಜೆ. ಇವತ್ತು ಬೀಗ ತೆಗೆದು ಒಳಗೆ ಹೋದರೆ ಡೀಸೆಲ್ ವಾಸನೆ. 31ರ ಕೆಳಗೆ ದೊಡ್ಡ ಕಲೆ. ಫಿಲ್ಟರಿನ ಕೆಳಗಿನ ತಿರುಪು ತೆರೆದಿತ್ತು, ಇನ್ನೂ ತೊಟ್ಟಿಕ್ಕುತ್ತಿತ್ತು. ಅದನ್ನು ಮುಚ್ಚಿ, ಮರಳು ಚೆಲ್ಲಿ, ರೂಬೆನ್ ಬರುವವರೆಗೆ ದೂರ ನಿಂತೆ. ನನಗೆ ಆ ಲಾರಿಯ ಹತ್ತಿರ ಒಬ್ಬಳೇ ನಿಲ್ಲಲು ಮನಸ್ಸಾಗಲಿಲ್ಲ.

ಇನ್ನೊಂದು. ಡ್ರೈವರ್ ಸೀಟು ಮುಂದಕ್ಕೆ ಎಳೆದಿತ್ತು. ಪೂರ್ತಿ ಮುಂದಕ್ಕೆ, ಕುಳ್ಳಗಿನವರು ಯಾರೋ ಕೂತ ಹಾಗೆ. ಶರಣ್ಯಾ ಅಪ್ಪನ ಹಾಗೆ ಉದ್ದ, ರೂಬೆನ್ ಅವಳಿಗಿಂತ ಉದ್ದ. ಕ್ಯಾಬಿನ್ನಿನಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಅದು ನನ್ನ ತಲೆಯದೇ ಇರಬೇಕು, ಕಳೆದ ವಾರವೆಲ್ಲ ನಾನೇ ಅಲ್ಲವೇ ಅದರೊಳಗೆ ಇದ್ದದ್ದು. ಒಂದು ವಾಸನೆ ಅಷ್ಟು ದಿನ ಉಳಿಯುತ್ತದೆಯೇ?

ರೂಬೆನ್ ಬೇಲಿಯ ಸುತ್ತ ನಡೆದು ನೋಡಿದ. ಎಲ್ಲೂ ಕತ್ತರಿಸಿಲ್ಲ. ಬೀಗ ಮುರಿದಿಲ್ಲ. ಬೀಗದ ಕೀಲಿ ಇರುವುದು ಇಬ್ಬರ ಹತ್ತಿರ ಮಾತ್ರ. ಉಳಿದ ಲಾರಿಗಳಿಗೆ ಏನೂ ಆಗಿಲ್ಲ. ಮತ್ತೆ ಕೇಳಿದ, ನಿನ್ನನ್ನು ಬುಲ್‌ಡೋಜರಿಗೆ ಹಾಕಲೇ ಎಂದು. ಮತ್ತೆ ಬೇಡ ಎಂದೆ.

ಸತ್ಯ ಹೇಳುತ್ತೇನೆ, ಇದನ್ನು ಓದುವವರು ಯಾರೂ ಇಲ್ಲವಲ್ಲ. ಡೀಸೆಲ್ ಕಲೆಯನ್ನು ನೋಡಿದ ಕ್ಷಣ ಹೆದರಿಕೆಯಾಯಿತು, ಅದರ ಕೆಳಗೆ ಎಲ್ಲೋ ಸ್ವಲ್ಪ ಸಮಾಧಾನವೂ ಆಯಿತು. ಇದಕ್ಕೆ ಹೊರಡಲು ಇಷ್ಟವಿಲ್ಲ ಎಂದುಕೊಂಡೆ.

ಜನವರಿ 24, ಶನಿವಾರ

ಶರಣ್ಯಾ ಬೆಳಗ್ಗೆಯಿಂದ ಮನೆಯೆಲ್ಲ ಹುಡುಕುತ್ತಿದ್ದಾಳೆ. ಕೊರಳಿಗೆ ಹಾಕುವ ತಗಡಿನ ಬಿಲ್ಲೆಗಳು, ಹೆಸರು ರಕ್ತದ ಗುಂಪು ಬರೆದವು, ಕಾಣುತ್ತಿಲ್ಲ. ಅವಿಲ್ಲದೆ ಹೊರಡುವ ಹಾಗಿಲ್ಲ. ಮಧ್ಯಾಹ್ನ ಅತ್ತೆ ಅವನ್ನು ಅಂಗೈಯಲ್ಲಿಟ್ಟುಕೊಂಡು ಬಂದರು, ಮೇಲೆಲ್ಲ ಹಿಟ್ಟು ಮೆತ್ತಿತ್ತು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕವು ಎಂದರು.

ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕುವವರು ಈ ಮನೆಯಲ್ಲಿ ಅವರೊಬ್ಬರೇ. ನನಗೆ ತಡೆಯಲಾಗಲಿಲ್ಲ.

"ಅತ್ತಿ, ನಿಮ್ಮ ಶಕುನ ಗಿಕುನ ನಿಮ್ಮ ಹತ್ರನ ಇಟ್ಕೋರಿ. ಹುಡುಗಿ ಸಾಮಾನು ಬಚ್ಚಿಟ್ರ ಆಕಿ ಹೋಗೂದು ತಪ್ಪತೈತೇನು?"

ಅವರು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಸಿಟ್ಟು ಬಂದಿದ್ದರೆ ನಾನು ತಯಾರಿದ್ದೆ. ಆದರೆ ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗಿತ್ತು ಆ ನೋಟ.

"ಆತವ್ವಾ," ಎಂದರು. "ಇನ್ನ ಮ್ಯಾಲ ಇಡೂದಿಲ್ಲ."

ತಪ್ಪು ಒಪ್ಪಿಕೊಂಡರಲ್ಲ, ಅಷ್ಟು ಸಾಕು.

ಜನವರಿ 27, ಮಂಗಳವಾರ

ಮಂಜು ಬಿಟ್ಟಿಲ್ಲ. 31 ಸೀನಿತು, ಒಂದೇ ಸಲ. ಇಂಜಿನ್ ಆಫ್ ಮಾಡಿ ಮೆಟ್ಟಿಲ ಮೇಲೆ ಕೂತೆ. ಬಾಟಲಿಯಿಂದ ಎರಡು ಗುಟುಕು ನೀರು ಕುಡಿದೆ. ಬಾಯಾರಿಕೆಯಾಗಿತ್ತು.

ಜನವರಿ 30, ಶುಕ್ರವಾರ

ಶರಣ್ಯಾ ಗಾಡಿ ಪರೀಕ್ಷೆಗೆ ಬಂದಿದ್ದಳು, ಯೂನಿಫಾರ್ಮಿನಲ್ಲಿ. ಮನೆಯಲ್ಲಿ ಸೋಫಾದ ಮೇಲೆ ಕಾಲು ಚಾಚಿ ಮಲಗುವ ಹುಡುಗಿಯೇ ಇವಳು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಲಾರಿಯ ಸುತ್ತ ಬಂದು, ಕೆಳಗೆ ಬಗ್ಗಿ, ನನ್ನ ಹಳದಿ ಗೆರೆಗಳ ಮೇಲೆ ಬೆರಳಾಡಿಸಿದಳು.

"ನೀನು ಮಾಡಿದ್ದು, ರೈಟ್? ಐ ನೋ ಯುವರ್ ಲೈನ್ಸ್."

ಊಟಕ್ಕೆ ನನ್ನ ಡಬ್ಬಿಯನ್ನೇ ಇಬ್ಬರೂ ಹಂಚಿಕೊಂಡೆವು. ಅವಳು ಹೀಗೆ ಒಬ್ಬಳೇ ನನಗೆ ಸಿಕ್ಕು ಬಹಳ ದಿನವಾಗಿತ್ತು. ಕೇಳಬಾರದು ಎಂದುಕೊಂಡದ್ದನ್ನೇ ಕೇಳಿದೆ. ಯಾಕ ಸೇರಿದಿ ಶರಣೂ, ನಿನಗ ಏನ್ ಕಡಿಮಿ ಆಗಿತ್ತು?

ಅವಳು ಉಪ್ಪಿನಕಾಯಿಯ ಎಣ್ಣೆಯನ್ನು ಬೆರಳಿನಿಂದ ಒರೆಸುತ್ತಾ ಯೋಚಿಸಿದಳು.

"ನಾನು ಸಣ್ಣಕಿ ಇದ್ದಾಗ ಡೇಕೇರ್ ಕ್ಲೋಸ್ ಇದ್ರೆ ನೀನು ಶಾಪ್‌ಗೆ ಕರ್ಕೊಂಡು ಬರ್ತಿದ್ದಿ. ನೆನಪದ? ನನ್ನನ್ನ ಲಾರಿ ಸೀಟಲ್ಲಿ ಕೂರಿಸಿ ಸ್ಟೀರಿಂಗ್ ಹಿಡ್ಕೋ ಅಂತಿದ್ದಿ. ಯು ವರ್ ಸೋ ಹ್ಯಾಪಿ ದೇರ್, ಅಮ್ಮಾ. ಮನೆಯಲ್ಲಿ ಹಂಗೆ ನಗ್ತಿದ್ದಿಲ್ಲ."

ಆಮೇಲೆ ಅಂದಳು, "ಐ ವಾಂಟೆಡ್ ದಟ್."

ನಾನು ಡಬ್ಬಿಯ ಮುಚ್ಚಳ ಹಾಕಿದೆ. ನನ್ನ ಮಗಳನ್ನು ನಾನೇ ಎತ್ತಿ ಆ ಸೀಟಿನಲ್ಲಿ ಕೂರಿಸಿದ್ದೇನೆ. ಎಲ್ಲಿಯ ಸರ್ಕಾರ, ಎಲ್ಲಿಯ ಆರ್ಡರು, ಯಾರನ್ನು ಬೈಯಲಿ.

ಪರೀಕ್ಷೆಯಲ್ಲಿ 31 ಪಾಸಾಯಿತು. ಇನ್ನು ಅದಕ್ಕೆ ನೆಪವಿಲ್ಲ.

ಫೆಬ್ರವರಿ 3, ಮಂಗಳವಾರ

ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಒಂದು ತಿಂಗಳಲ್ಲಿ ಮೊದಲ ಸಲ. ಎದ್ದದ್ದು, ಹಲ್ಲುಜ್ಜಿದ್ದು, 680ನೇ ಫ್ರೀವೇ ಹಿಡಿದದ್ದು, 580ಕ್ಕೆ ತಿರುಗಿದ್ದು, ಯಾವುದೂ ನೆನಪಿಲ್ಲ. ನೆನಪಿರುವುದು 31ರ ಕೆಳಗೆ ಸಿಮೆಂಟಿನ ಮೇಲೆ ಮಲಗಿದ್ದು. ಬೆನ್ನು ತಣ್ಣಗಿತ್ತು. ಮಂಜು ಲಾರಿಯ ಕೆಳಗೂ ಬಂದಿತ್ತು. ಕೈಯಲ್ಲಿ ಸ್ಪ್ಯಾನರ್ ಇತ್ತು.

ಎಲ್ಲ ಸರಿಯಿದೆಯೇ ಎಂದು ಕೊನೆಯ ಸಲ ನೋಡಲು ಹೋಗಿದ್ದಿರಬೇಕು. ಸರಿಯಿದ್ದಿರಬೇಕು, ಇಲ್ಲದಿದ್ದರೆ ರೂಬೆನ್‌ಗೆ ಹೇಳುತ್ತಿದ್ದೆ. ಎದ್ದು ಕೈ ತೊಳೆದು ಕಾಫಿ ಕುಡಿದೆ. ಮನಸ್ಸು ಹಗುರವಾಗಿತ್ತು. ದಿನವಿಡೀ ಬುಲ್‌ಡೋಜರಿನ ಚೈನು ಕಟ್ಟಿದೆ, ಹಾಡು ಗುನುಗಿದೆನಂತೆ, ರೂಬೆನ್ ಹೇಳಿದ.

ಮನೆಯಲ್ಲಿ ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಉಗುರಿನಲ್ಲಿ ಮತ್ತೆ ಹಳದಿ.

ಫೆಬ್ರವರಿ 5, ಗುರುವಾರ

ಚೀಲ ಕಟ್ಟಿಯಾಯಿತು. ಬಾಗಿಲ ಹತ್ತಿರ ನಿಲ್ಲಿಸಿದ್ದಾಳೆ, ಆಳೆತ್ತರ ಇದೆ. ಅತ್ತೆ ಶರಣ್ಯಾಳನ್ನು ದೇವರ ಮುಂದೆ ಕೂರಿಸಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ಬರೆಯಲು ಏನೂ ಇಲ್ಲ.

ಫೆಬ್ರವರಿ 6, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಹನ್ನೆರಡು ಲಾರಿಗಳು ದೀಪ ಹಾಕಿಕೊಂಡು ಗೇಟಿನ ಕಡೆ ಮುಖ ಮಾಡಿ ನಿಂತಿದ್ದವು. ಮಂಜಿನಲ್ಲಿ ಮೊದಲ ಮೂರು ಮಾತ್ರ ಕಾಣುತ್ತಿದ್ದವು. 31 ಎರಡನೆಯದು. ಮನೆಯವರಿಗೆ ಬೇಲಿಯ ಆಚೆ ನಿಲ್ಲಲು ಜಾಗ ಮಾಡಿದ್ದರು. ಶಿವಪ್ರಸಾದ ಅಲ್ಲಿದ್ದರು, ಅತ್ತೆ ಶಾಲು ಹೊದ್ದು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ನಾನು ಕೆಲಸದವಳು, ಒಳಗಿದ್ದೆ. ಮೊದಲ ಲಾರಿ ಹೊರಟಿತು. ಶರಣ್ಯಾ ಮೇಲಿನಿಂದ ನನ್ನ ಕಡೆ ಕೈ ಮಾಡಿದಳು.

31 ಸೀನಿತು.

ಒಂದೇ ಸಲ. ಅಷ್ಟು ಇಂಜಿನುಗಳ ಸದ್ದಿನಲ್ಲೂ ನನಗೆ ಕೇಳಿತು. ಇಂಜಿನ್ ನಿಂತಿತು. ಬಾಗಿಲು ತೆಗೆದು ಶರಣ್ಯಾ ಕೆಳಗಿಳಿದಳು, ಕೈಯಲ್ಲಿ ನೀರಿನ ಬಾಟಲಿ. ಹಿಂದಿನ ಲಾರಿಯವನು ಹಾರ್ನು ಹೊಡೆದ. ಅವಳು ಮೆಟ್ಟಿಲ ಮೇಲೆ ಕೂತು, ಯಾರ ಕಡೆಗೂ ನೋಡದೆ, ಎರಡು ಗುಟುಕು ಕುಡಿದಳು. ನಾನು ಓಡಿದೆ.

"ಏನಾತು?"

"ನಥಿಂಗ್. ಅಜ್ಜಿಗೆ ಪ್ರಾಮಿಸ್ ಮಾಡೀನಿ. ಒಂದೇ ಸಲ ಸೀನಿದ್ರೆ ಇಳಿದು ನೀರು ಕುಡೀಬೇಕು. ಮತ್ತೆ ನಿನಗೆ ಕೆಳಗೆ ನೋಡು ಅಂತ ಹೇಳ್ಬೇಕಂತೆ. ಅಮ್ಮ ನೋಡಿದ ಮೇಲೆನೇ ಹೋಗ್ಬೇಕಂತೆ." ನಗುತ್ತಿದ್ದಳು. "ಪ್ಲೀಸ್ ಜಸ್ಟ್ ಲುಕ್, ಶಿ ಈಸ್ ವಾಚಿಂಗ್."

ಬೇಲಿಯ ಕಡೆ ನೋಡಿದೆ. ಅತ್ತೆ ಕುರ್ಚಿಯಿಂದ ಎದ್ದು ನಿಂತಿದ್ದರು.

ಟಾರ್ಚು ಹಿಡಿದು ಕೆಳಗೆ ನುಗ್ಗಿದೆ. ಸ್ಟೀರಿಂಗ್ ಚಕ್ರವನ್ನು ಮುಂದಿನ ಗಾಲಿಗೆ ಜೋಡಿಸುವ ರಾಡಿನ ತುದಿಯಲ್ಲಿ ಒಂದು ದೊಡ್ಡ ನಟ್ಟು ಇದೆ. ಅದು ತಿರುಗದ ಹಾಗೆ ತೂತಿನಲ್ಲಿ ಒಂದು ಪಿನ್ನು ತೂರಿಸಿ ಅದರ ಎರಡು ಕಾಲುಗಳನ್ನು ಮಡಚಿರುತ್ತೇವೆ. ಪಿನ್ನು ಇರಲಿಲ್ಲ. ನಟ್ಟು ಬೆರಳಲ್ಲಿ ತಿರುಗಿತು. ಹಳದಿ ಗೆರೆ ಮುರಿದಿರಲಿಲ್ಲ, ಯಾರೋ ಉಗುರಿನಿಂದ ಅದನ್ನು ಪೂರ್ತಿ ಕೆರೆದು ತೆಗೆದಿದ್ದರು. ಗುಡ್ಡ ಹತ್ತುವವರೆಗೆ ತಡೆದಿರುತ್ತಿತ್ತು. ಇಳಿಜಾರಿನಲ್ಲಿ ಕಳಚುತ್ತಿತ್ತು. ಅವಳು ಚಕ್ರ ತಿರುಗಿಸುತ್ತಿದ್ದಳು, ಗಾಲಿ ತಿರುಗುತ್ತಿರಲಿಲ್ಲ.

ಹೊರಗೆ ತೆವಳಿ ಬಂದು ಕೈ ಒರೆಸಿಕೊಳ್ಳಲು ಜಾಕೆಟ್ಟಿನ ಜೇಬಿನಿಂದ ಬಟ್ಟೆ ತೆಗೆದೆ. ಅದರ ಜೊತೆ ಏನೋ ಸಿಮೆಂಟಿನ ಮೇಲೆ ಬಿದ್ದು ಸದ್ದಾಯಿತು. ಪಿನ್ನು. ಕಾಲುಗಳನ್ನು ನೆಟ್ಟಗೆ ಮಾಡಿ, ಅಂದವಾಗಿ ತೆಗೆದಿದ್ದ ಪಿನ್ನು. ಅಪ್ಪ ಕಲಿಸಿದ ಹಾಗೆ.

ಶರಣ್ಯಾ ಪಿನ್ನನ್ನು ನೋಡಿದಳು. ನನ್ನ ಉಗುರುಗಳನ್ನು ನೋಡಿದಳು. ಅವಳಿಗೆ ಲಾರಿ ಗೊತ್ತು. ನಾನು ಏನೂ ಹೇಳಬೇಕಾಗಿರಲಿಲ್ಲ.

ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನೂ ಬರೆದುಬಿಡುತ್ತೇನೆ. ಬಗ್ಗಿ ಆ ಪಿನ್ನನ್ನು ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ನನ್ನ ಕೆಲಸ ಉಳಿಯುತ್ತದೆ ಎಂದು ಬಂತು. ಆದರೆ ಈ ಕೈಯನ್ನು ಮತ್ತೆ ಆ ಲಾರಿಯ ಕೆಳಗೆ ಹಾಕಲು ಹೆದರಿಕೆಯಾಯಿತು. ತಿಂಗಳಿಡೀ ನಾನು ಹೆದರಿದ್ದು ಈ ಕೈಗೇ. ಕೇಬಲ್ಲು, ಡೀಸೆಲ್ಲು, ಮುಂದಕ್ಕೆ ಎಳೆದ ಸೀಟು, ಬಿಲ್ಲೆಗಳು. ಕೈಗೆ ಗೊತ್ತಿದ್ದದ್ದು ಇಷ್ಟೇ, ಈ ಗಾಡಿ ಹೊರಡಬಾರದು. ಹೊರಟರೆ ಒಳಗೆ ಯಾರಿರುತ್ತಾರೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ರೂಬೆನ್ ಓಡಿ ಬಂದ. ಪಿನ್ನನ್ನು ಅವನ ಅಂಗೈಯಲ್ಲಿಟ್ಟೆ. ನಾನೇ ತೆಗೆದದ್ದು, ತೆಗೆದದ್ದು ನೆನಪಿಲ್ಲ, ನನ್ನನ್ನು ಇದರ ಹತ್ತಿರ ಬಿಡಬೇಡ, ಉಳಿದ ಲಾರಿಗಳನ್ನೂ ಬೇರೆಯವರಿಂದ ನೋಡಿಸು ಎಂದೆ. ಯಾರ್ಡಿನ ಕೀಲಿಯನ್ನೂ ಕೊಟ್ಟೆ. ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ, ಬೇಲಿಯ ಆಚೆ ಹೋಗಿ ನಿಲ್ಲು ಶೀತಲ್ ಎಂದ, ಬೈಯುವ ದನಿಯಲ್ಲಲ್ಲ.

ಎಲ್ಲ ಲಾರಿಗಳನ್ನೂ ನಿಲ್ಲಿಸಿ ಬೇರೆ ಇಬ್ಬರು ಮೆಕ್ಯಾನಿಕ್ಕುಗಳು ಮೊದಲಿನಿಂದ ನೋಡಿದರು. ಮಧ್ಯಾಹ್ನವಾಯಿತು. ಮಂಜು ಕರಗಿತು. ಅವರು 31ಕ್ಕೆ ಹೊಸ ಪಿನ್ನು ಹಾಕಿ ಬಿಳಿ ಪೇಂಟಿನಲ್ಲಿ ಗೆರೆ ಎಳೆದರು. ನಾನು ಬೇಲಿಯ ತಂತಿ ಹಿಡಿದುಕೊಂಡು ನೋಡಿದೆ. ಆ ಹುಡುಗ ಗೆರೆಯನ್ನು ತುಸು ದಪ್ಪ ಎಳೆದ, ಆದರೆ ಕೆಲಸ ಅಚ್ಚುಕಟ್ಟಾಗಿತ್ತು.

ಶರಣ್ಯಾ ಬೇಲಿಯ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ತಂತಿಯ ಕಿಂಡಿಯಿಂದ ಬೆರಳು ತೂರಿಸಿ ನನ್ನ ಬೆರಳುಗಳನ್ನು ಹಿಡಿದಳು, ಹಳದಿ ಇದ್ದ ಬೆರಳುಗಳನ್ನೇ.

"ಅಮ್ಮಾ, ಹೋಗಿ ಬರ್ತೀನಿ."

ಅಜ್ಜಿ ಹೇಳಿಕೊಟ್ಟದ್ದು. ಹೋಗ್ತೀನಿ ಎನ್ನಬಾರದು, ಹೋಗಿ ಬರ್ತೀನಿ ಎನ್ನಬೇಕು. ಅದಕ್ಕೆ ಉತ್ತರ ಏನೆಂದು ಎಲ್ಲರಿಗೂ ಗೊತ್ತು. ಎರಡೇ ಮಾತು. ನನ್ನ ಬಾಯಿಂದ ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ಹೋದಳು.

ಫೆಬ್ರವರಿ 7, ಶನಿವಾರ

ವಿಚಾರಣೆ ಮುಗಿಯುವವರೆಗೆ ಕೆಲಸವಿಲ್ಲ. ಸೋಮವಾರ ಬೇರೆ ಡಾಕ್ಟರನ್ನು ನೋಡಬೇಕು. ಶಿವಪ್ರಸಾದ ಮೂರು ಡಾಕ್ಟರರಿಗೆ ಫೋನು ಮಾಡಿ, ನನ್ನ ಎದುರು ಕೂತು, ನನ್ನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದರು. ಮದುವೆಯಾದ ಮೇಲೆ ಮೊದಲ ಸಲ.

ಅತ್ತೆಯ ಹತ್ತಿರ ಹೋದೆ. ಬಿಲ್ಲೆಗಳ ವಿಷಯಕ್ಕೆ ಅಂದದ್ದು ತಪ್ಪಾಯಿತು ಎಂದೆ. ಅವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

"ಬಿಲ್ಲಿ ಒಂದ ಏನು. ಆಕೀ ಬೂಟಿನ ದಾರ ಫ್ರಿಜ್ಜಿನ್ಯಾಗ ಇಟ್ಟಿದ್ದಿ. ಪಾಸ್‌ಪೋರ್ಟು ಅಕ್ಕಿಯೊಳಗ. ನಸುಕಿನ್ಯಾಗ ಎದ್ದು ಇಡ್ತಿದ್ದಿ, ಕಣ್ಣು ತೆರದ ಇರತಿದ್ವು, ಆದ್ರ ನೀ ಅಲ್ಲಿ ಇರತಿದ್ದಿಲ್ಲ. ನಾ ಎಲ್ಲಾ ಹೊಳ್ಳಿ ಅದರ ಜಾಗಾಕ್ಕ ಇಡ್ತಿದ್ದೆ. ಬಿಲ್ಲಿ ಇಲ್ಲದ್ದು ಮಾತ್ರ ನನಗಿಂತ ಮೊದಲ ಹುಡುಗಿಗೆ ಗೊತ್ತಾತು."

"ಹೇಳಬೇಕಿಲ್ಲೇನ್ರಿ ಅತ್ತಿ?"

"ಹೇಳಿದ್ರ ನಂಬತಿದ್ದೇನು?" ಸಿಪ್ಪೆ ಕೊಡವಿದರು. "ಮನೀಯೊಳಗಿಂದು ನಾ ಇಟ್ಟೆ. ಅಲ್ಲಿ ಗಾಡಿಗೆ ಏನ್ ಮಾಡ್ತಿ ಅಂತ ನನಗೆಂಗ ತಿಳೀಬೇಕು. ಉಗುರು ನೋಡಿದಾಗ ಅಲ್ಲೂ ಏನೋ ಮಾಡ್ತಿ ಅನ್ನಿಸ್ತಿತ್ತು. ಆ ಗಾಡಿ ಹೆಂಗೂ ಸೀನತೈತಿ ಅಂತ ನೀನ ಹೇಳಿದ್ದಿಯಲ್ಲ. ಅದಕ್ಕ ಹುಡುಗಿಗೆ ಹೇಳಿದೆ, ಸೀನಿದ್ರ ಇಳಿ, ನಿಮ್ಮವ್ವಗ ನೋಡಂತ ಹೇಳು ಅಂತ. ಎಚ್ಚರ ಇದ್ದಾಗ ನೋಡಿದ್ರ ನೀ ತಪ್ಪು ಬಿಡಾಕಿ ಅಲ್ಲ. ಅದು ನನಗ ಗೊತ್ತಿತ್ತು."

ನಾನು ಅವರ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸಿದೆ. ಬೇರೆ ಏನು ಮಾಡಲಿ. ಮಲಗುವ ಮುಂಚೆ ಅವರು ಅರಿಷಿಣ ಕಲಸಿ ಮುಂಬಾಗಿಲಿನಿಂದ ಚೌಕಟ್ಟಿನ ಮೇಲೆ ಹಾಯುವ ಹಾಗೆ ಒಂದು ಗೆರೆ ಎಳೆದರು. ನಾನು ಎದ್ದು ಹೋದರೆ ತಿಳಿಯಲಿ ಎಂದು.

ಫೆಬ್ರವರಿ 19, ಗುರುವಾರ

ನಿನ್ನೆ ಶರಣ್ಯಾ ಫೋನು ಮಾಡಿದ್ದಳು. ಲಾರಿಗಳು ಹಡಗು ಹತ್ತಿವೆ, ಅವಳ ವಿಮಾನ ಇವತ್ತು ನಸುಕಿಗೆ. ಉಣ್ಣುತ್ತಿದ್ದೀಯಾ, ಹೊಸ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ನನ್ನನ್ನೇ ವಿಚಾರಿಸಿದಳು. ಕೊನೆಗೆ ಆ ಎರಡು ಮಾತಿಗೆ ಕಾಯುವವಳ ಹಾಗೆ ಫೋನು ಇಡದೆ ಹಿಡಿದುಕೊಂಡಳು. ನೆಟ್‌ವರ್ಕ್ ಹೋಯಿತು.

ಇಷ್ಟು ದಿನ ಬಾಗಿಲ ಗೆರೆ ಹಾಗೆಯೇ ಇತ್ತು. ಇವತ್ತು ಬೆಳಗ್ಗೆ ಎದ್ದು ನೋಡಿದರೆ ಮುರಿದಿತ್ತು. ಮೆಟ್ಟಿಲ ಹತ್ತಿರ ನನ್ನ ಬೂಟುಗಳು, ಅಡಿಯಲ್ಲಿ ಯಾರ್ಡಿನ ಗೇಟಿನ ಹೊರಗಿರುವಂಥ ಕೆಂಪು ಜಲ್ಲಿ. ಹೊರಗೆ ಹೋಗಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು.

ಒಳಗೆ ಬಂದರೆ ಅತ್ತೆ ಅಡುಗೆಮನೆಯಲ್ಲಿ ಶಾಲು ತೆಗೆಯದೆ ಚಹಾ ಕುಡಿಯುತ್ತಿದ್ದರು. ಅವರ ಚಪ್ಪಲಿಯಲ್ಲೂ ಕೆಂಪು ಜಲ್ಲಿ.

"ನೀವೂ ಬಂದಿದ್ರೇನು?"

"ಮತ್ತ? ಕೀಲಿ ಕಸಗೊಳ್ಳಾಕ ಬಂದೆ, ನೀ ಬಿಡಲಿಲ್ಲ. ಶಿವೂನ್ನ ಕರಿಯೂದರಾಗ ನೀ ಹೊಂಟೇಬಿಡ್ತಿದ್ದಿ. ಬಾಜೂ ಸೀಟಿನ್ಯಾಗ ಕುಂತೆ. ಬಿದ್ರ ಇಬ್ಬರೂ ಬೀಳೂಣು ಅಂತ. ಛಲೋ ಓಡಿಸಿದಿ, ಎಚ್ಚರ ಇದ್ದಾಗಿಂತ ಸಾವಕಾಶ."

"ಅಲ್ಲಿ ಹೋಗಿ ನಾ ಏನ್ ಮಾಡಿದೆ?"

"ಏನೂ ಇಲ್ಲ. ಗೇಟಿನ ಮುಂದ ಇಳದು ತಂತಿ ಹಿಡ್ಕೊಂಡು ನಿಂತಿ. ಗಾಡಿ ಒಂದೂ ಇರಲಿಲ್ಲ. ನಾ ಕರೀಲಿಲ್ಲ. ಭಾಳ ಹೊತ್ತು ನಿಂತಿದ್ದಿ."

ನನ್ನ ಕೈ ನೋಡಿಕೊಂಡೆ. ಅಂಗೈಯಲ್ಲಿ ತಂತಿಯ ಗುರುತು ಇನ್ನೂ ಇತ್ತು. ಉಗುರುಗಳು ಸ್ವಚ್ಛವಾಗಿದ್ದವು.

"ಆಮ್ಯಾಲ?"

ಅತ್ತೆ ಲೋಟ ಕೆಳಗಿಟ್ಟರು.

"ಆಮ್ಯಾಲ 'ಹೋಗಿ ಬಾ' ಅಂದಿ. ಅಂದು, ನೀನ ಕಾರ್ ಹೊಳ್ಳಿಸಿಕೊಂಡು ಮನೀಗೆ ಬಂದಿ."